ಕೂತೋಳು ಏಳಬಾರದು

ನಮ್ಮಕ್ಕನ ಸೀರೆ ಯಾವಾಗಲೂ ಒದ್ದೆ. ಚೊಚ್ಚಲ ಹೆರಿಗೇಲಿ ಕೂಸು ಉಳೀಲಿಲ್ಲ, ಅದಾದ ವಾರಕ್ಕೆ ಉಚ್ಚೆ ತಾನಾಗೇ ಸೋರಾಕೆ ಹತ್ತಿತು. ಉಚ್ಚೆ ಅಂತ ಬರೀಬೇಡಜ್ಜಿ ಅಂತಾಳೆ ಮೊಮ್ಮಗಳು. ಇನ್ನೇನಂತ ಬರೀಲಿ, ಪನ್ನೀರು ಅಂತ್ಲಾ?

ಹೆರಿಗೆ ಗೋವಿನಕೋವೀಲಿ, ನಮ್ಮನೇಲೇ ಆಗಿತ್ತು. ಕರಕೊಂಡು ಹೋಗಾಕೆ ಬಂದ ಗಂಡ ನಾತಕ್ಕೆ ಮೂಗು ಮುಚ್ಚಿಕೊಂಡು ಒಬ್ಬನೇ ಜಗಳೂರಿಗೆ ತಿರುಗಿ ಹೋದ. ಅಕ್ಕ ದನದ ಕೊಟ್ಟಿಗೇಲಿ ಮಲಗೋಳು. ದೇವರ ಮುನಿಸು ಅಂದ್ರು ಊರೋರು. ಮಡಕೆ ಸೋರಿದ್ರೆ ಎಲ್ಲಿ ಬಿರುಕು ಬಿಟ್ಟೈತೆ ಅಂತ ತಿರುವಿ ನೋಡ್ತೀವಿ. ಅಕ್ಕನ ವಿಷಯಕ್ಕೆ ಅದನ್ನೂ ಯಾರೂ ಕೇಳಲಿಲ್ಲ.

ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ನನಗೆ ಅದೇ ಯೋಚನೆ. ಅಕ್ಕನ್ನ ಹೆರಿಸಿದ್ದ ಸೋದರತ್ತೆನೇ ನನ್ನೂ ಹೆರಿಸೋಳು.

ಹೊನ್ನಾಳಿ ಆಸ್ಪತ್ರೆ ನರ್ಸಮ್ಮ ಆಗ ಎತ್ತಿನ ಗಾಡೀಲಿ ಹಳ್ಳಿ ಸುತ್ತಿ ಬಸುರೇರನ್ನ ನೋಡೋಳು. ನಮ್ಮ ಜಗಲೀಲಿ ಕೂತಾಗ ಕೇಳೇಬಿಟ್ಟೆ: "ಅಮ್ಮಾರೇ, ನಮ್ಮಕ್ಕಂಗೆ ಎಲ್ಲಿ ಹರೀತು?"

ಅವಳು ಅತ್ತೆ ಕಡೆ ತಿರುಗಿ, "ನೋವು ತಿನ್ನೋವಾಗ ಅವಳನ್ನ ಉಚ್ಚೆ ಹೊಯ್ಯಾಕೆ ಬಿಟ್ರಾ?" ಅಂದ್ಲು.

"ಎಲ್ಲೈತೆ ತಾಯಿ! ಹೆರಾಕೆ ಕೂತೋಳು ಏಳಬಾರದು. ಎದ್ರೆ ಕೂಸು ಮೇಲಕ್ಕೆ ಹತ್ತತೈತೆ."

"ಕೂಸೇನು ಓತಿಕ್ಯಾತವೇ, ಹತ್ತಾಕೆ?"

ನಮ್ಮಮ್ಮ ನಕ್ಕುಬಿಟ್ಲು. ಅತ್ತೆ ಮುಖ ಊದಿಸಿಕೊಂಡ್ಲು.

ನರ್ಸಮ್ಮ ಮುಷ್ಟಿ ಹಿಡಿದು ತೋರಿಸಿದ್ಲು. ಇದು ಕೂಸಿನ ತಲೆ, ಈ ಕಡೆ ಎಲುಬು, ನಡುವೆ ಉಚ್ಚೆ ಚೀಲ. ಹಗಲೂ ರಾತ್ರಿ ತಲೆ ಅಲ್ಲೇ ಸಿಕ್ಕಿಕೊಂಡಿದ್ರೆ ಒತ್ತಿ ಒತ್ತಿ ಆ ಜಾಗದ ಮಾಂಸ ಸಾಯತೈತಂತೆ. ಚೀಲ ತುಂಬಿದ್ರಂತೂ ಕೇಳಬೇಡಿ ಅಂದ್ಲು.

ನಾನು ಬಿಡಲಿಲ್ಲ. "ಹಂಗಾದ್ರೆ ಹೆತ್ತ ದಿನಾನೇ ಯಾಕೆ ಸೋರಲಿಲ್ಲ? ಮೊದಲು ಚೆನ್ನಾಗೇ ಇದ್ಲಲ್ಲ?"

"ಸುಟ್ಟ ಚರ್ಮ ಸುಟ್ಟಾಗಲೇ ಉದುರತೈತೇನೆ? ಆಮೇಲೆ ಕಳಚತೈತೆ. ಆಗ ತೂತು." ಅತ್ತೆ ಕಡೆ ನೋಡಿ ಹೇಳಿದ್ಲು, "ನಮಗೂ ಇದನ್ನ ಕಲಿಸಿದ್ದು ಮೊನ್ನೆ ಮೊನ್ನೆ. ಆಗಾಗ ಎಬ್ಬಿಸಿ ಹೊಯ್ಸಿರಿ. ಹೊತ್ತು ಮುಳುಗೋದ್ರೊಳಗೆ ಕೂಸು ಬರಲಿಲ್ಲ ಅಂದ್ರೆ ಗಾಡಿ ಕಟ್ಟಿರಿ."

"ಹೂಂ, ಇನ್ಮೇಲೆ ಅವಳೇ ಹೆರಿಸಲಿ" ಅಂದ್ಲು ಅತ್ತೆ, ಗಾಡಿ ಹೋದಮೇಲೆ.

ನನಗೆ ನೋವು ಬಂದಿದ್ದು ಬೆಳಗಿನ ಹೊತ್ತು. ಬಿಸಿಲೇರೋ ಹೊತ್ತಿಗೆ ಕೆಳಹೊಟ್ಟೆ ಕಲ್ಲಾಗಿತ್ತು. ಹೊಯ್ಯಬೇಕು ಅಂದೆ. ಅಮ್ಮ, "ಏಳಬ್ಯಾಡ, ತಡಕೋ" ಅಂದ್ಲು. ಬಾಣಂತಿ ಕೋಣೆಗೆ ಅಕ್ಕ ಬರೋ ಹಂಗಿರಲಿಲ್ಲ, ಬಾಗಿಲಲ್ಲೇ ನಿಂತಿದ್ಲು. ಸರ್ರನೆ ಒಳಗೆ ಬಂದು ನನ್ನ ಕಂಕುಳಿಗೆ ಕೈ ಹಾಕಿದ್ಲು.

"ಮುಟ್ಟಬ್ಯಾಡ್ವೇ!" ಅಂತ ಅಮ್ಮ ಕೂಗಿದ್ಲು.

"ನನ್ನಂಗೆ ಇನ್ನೊಬ್ಳು ಬೇಕೇನವ್ವ ಕೊಟ್ಟಿಗೇಗೆ?" ಅಂದ್ಲು ಅಕ್ಕ.

ಆಗ ಅತ್ತೆ ಎದ್ದು ಇನ್ನೊಂದು ಕಡೆ ಹಿಡಕೊಂಡ್ಲು. ಮೂಲೇಲಿ ಹಳೇ ಮಡಕೆ ಇಟ್ಟು ನನ್ನ ಕೂರಿಸಿದ್ರು. ಕೂಸು ಮೇಲಕ್ಕೇನೂ ಹತ್ತಲಿಲ್ಲ. ದನ ಮನೆಗೆ ಬರೋ ಹೊತ್ತಿಗೆ ಹೆಣ್ಣು ಮಗು ಆಯ್ತು.

ಆದ್ರೂ ಸಮಾಧಾನ ಯಾರಿಗಿತ್ತು? ಅಕ್ಕಂದು ಆಮೇಲೆ ತಾನೆ ಸೋರಿದ್ದು. ದಿನಾ ಬೆಳಗ್ಗೆ ಅಕ್ಕ ಬಂದು ನನ್ನ ಕೆಳಗಿನ ಬಟ್ಟೆ ಮುಟ್ಟಿ ನೋಡೋಳು, ಮೂಸೋಳು, ಹೋಗೋಳು. ಅವಳ ಹಿಂದೆ ಅತ್ತೆನೂ ಬಂದು ಮುಟ್ಟಿ ನೋಡೋಳು.

ತನಗೆ ಸೋರಾಕೆ ಹತ್ತಿದ್ದ ದಿನ ದಾಟಿದ ಮೇಲೆ ಒಂದು ಬೆಳಗ್ಗೆ ಅಕ್ಕ ಬಟ್ಟೆ ಮುಟ್ಟಲಿಲ್ಲ. ನೇರ ಕೂಸಿನ ಹತ್ರ ಹೋಗಿ, "ಮೂಗು ಮಾತ್ರ ನಿನ್ನಂಗೇ ಚಪ್ಪಟೆ ಕಣೇ" ಅಂತ ಎತ್ತಿಕೊಂಡ್ಲು.

ಅತ್ತೆ ಬಾಗಿಲಲ್ಲಿ ನಿಂತು, "ಬಟ್ಟೆ ಒಣಗೇ ಐತೇನೆ?" ಅಂದ್ಲು.

"ಒಣಗೇ ಐತೆ" ಅಂದ್ಲು ಅಕ್ಕ. ಅವಳ ಸೀರೆಯಿಂದ ನೆಲಕ್ಕೆ ತೊಟ್ಟಿಕ್ಕತಿತ್ತು.