ಯಾವ ದೇಶಕ್ಕೂ ಸಿಗದ ಗಂಡಸು

ನಮ್ಮ ಪಕ್ಕದ ಮನೆಯ ಯಜಮಾನರು ಮೈಸೂರಿನವರು, ದುಬೈನ ಕಂಪನಿಯೊಂದಕ್ಕೆ ಸಲಹೆಗಾರರು. ಇಲ್ಲಿ ಕೀನ್ಯಾದ ರಾಜಧಾನಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಸ್ವಂತ ಮನೆ, ಹೆಂಡತಿ, ಎರಡು ನಾಯಿ. ಆದರೂ ತಾವು ಈ ದೇಶದ ನಿವಾಸಿಯಲ್ಲ ಎಂಬುದೇ ಅವರ ಜೀವಮಾನದ ಸಾಧನೆ. ಯಾರ ಮನೆಗೆ ಊಟಕ್ಕೆ ಹೋದರೂ ಅದೇ ಮಾತು.

"ನೋಡಿ ಮೇಡಂ, ವರ್ಷದಲ್ಲಿ ಆರು ತಿಂಗಳಿಗಿಂತ ಕಮ್ಮಿ ಇದ್ರೆ ಇಲ್ಲಿ ಟ್ಯಾಕ್ಸ್ ಇಲ್ಲ. ಇಂಡಿಯಾದಲ್ಲೂ ಹಂಗೇ. ದುಬೈನಲ್ಲಿ ಮೊದ್ಲೇ ಇಲ್ಲ. ನಾನು ಯಾರಿಗೂ ಸಿಗಲ್ಲ!"

ಶಾಲೆಯಲ್ಲಿ ಪಾಠ ಹೇಳಿ, ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ನಾನು ಅವರ ಕಣ್ಣಿಗೆ ಶುದ್ಧ ಪೆದ್ದಿ.

ಒಂದು ವರ್ಷದ ಕೊನೆಯಲ್ಲಿ ಅವರ ಹೆಂಡತಿಗೆ ಹೊಟ್ಟೆಯ ಗಡ್ಡೆ ತೆಗೆಸಬೇಕಾಯಿತು. ಆಪರೇಷನ್ನಿನ ಹಿಂದಿನ ದಿನ ಈ ಮಹಾಶಯರು ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ನೀವೊಂಚೂರು ಅವಳ ಜೊತೆಗಿರ್ತೀರಾ? ಇನ್ನೂ ಇಲ್ಲೇ ಇದ್ರೆ ಆರು ತಿಂಗಳು ತುಂಬಿ ನಾನು ರೆಸಿಡೆಂಟ್ ಆಗ್ಬಿಡ್ತೀನಿ."

"ಗಂಡನೂ ಆಗಿರ್ತೀರಲ್ಲ ಸರ್," ಎಂದೆ. ತಮಾಷೆಯೆಂದುಕೊಂಡು ನಕ್ಕು ಕಾರು ಹತ್ತಿದರು.

ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಆಕೆಗೆ ಎಚ್ಚರವಾದಾಗ ಪಕ್ಕದಲ್ಲಿದ್ದವಳು ನಾನು. "ಹೋದ್ರಾ?" ಎಂದರು. ಹ್ಞೂಂ ಎಂದೆ. ಗೋಡೆಯ ಕಡೆ ಮುಖ ತಿರುಗಿಸಿದರು. ಪುಣ್ಯಕ್ಕೆ ಗಡ್ಡೆ ಕೆಟ್ಟದ್ದಾಗಿರಲಿಲ್ಲ.

ಹೊಸ ವರ್ಷ ಹುಟ್ಟಿದ ಮೇಲೆ ಯಜಮಾನರು ಮರಳಿದರು. ಅಷ್ಟರಲ್ಲಿ ಇಲ್ಲಿನ ತೆರಿಗೆ ಇಲಾಖೆ ಅವರ ಬಗ್ಗೆ ವಿಚಾರಿಸತೊಡಗಿತ್ತು. ದಂಪತಿಯನ್ನು ನನಗೆ ಪರಿಚಯವಿದ್ದ ತೆರಿಗೆ ವಕೀಲೆಯೊಬ್ಬರ ಆಫೀಸಿಗೆ ನಾನೇ ಕರೆದೊಯ್ದೆ. ಇವರು ತಮ್ಮ ವಿಮಾನ ಪ್ರಯಾಣಗಳ ಪುರಾಣವನ್ನೆಲ್ಲ ಒದರಿದರು. ಆ ಕೀನ್ಯಾದ ಹೆಂಗಸು ತಾಳ್ಮೆಯಿಂದ ಕೇಳಿ, "ಇಲ್ಲಿ ನಿಮಗೆ ಖಾಯಂ ಮನೆ ಇದೆಯಾ?" ಎಂದರು.

"ಇದೆ! ನಾನೇ ಕಟ್ಟಿಸಿದ್ದು," ಇವರು ಎದೆಯುಬ್ಬಿಸಿದರು.

"ಹಾಗಾದರೆ ನೀವು ವರ್ಷದಲ್ಲಿ ಒಂದೇ ದಿನ ಇಲ್ಲಿಗೆ ಬಂದರೂ ಇಲ್ಲಿನ ನಿವಾಸಿಯೇ. ಹೊರಗಿನ ಸಂಬಳಕ್ಕೂ ಇಲ್ಲೇ ತೆರಿಗೆ."

ಇವರು ಕನ್ನಡದಲ್ಲಿ, ಯಾರಿಗೆಂದಿಲ್ಲದೆ, "ಮತ್ತೆ ನಾನು ಆಪರೇಷನ್ ಬಿಟ್ಟು ಹೋಗಿದ್ದು?" ಎಂದರು. ಸರ್ಕಾರ ಆ ದಿನವನ್ನು ವಾಪಸ್ ಕೊಡಬೇಕು ಎಂಬಂತಿತ್ತು ದನಿ. ಹೆಂಡತಿ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದರು.

ಹಿಂದಿನ ವರ್ಷಗಳದ್ದೂ ಸೇರಿಸಿ ತೆರಿಗೆ ಕಟ್ಟಿದರು. ಈಗ ಊಟಕ್ಕೆ ಬಂದರೆ ರಸ್ತೆಯ ಗುಂಡಿಗಳ ಬಗ್ಗೆ ಭಾಷಣ: "ನಮ್ಮ ಟ್ಯಾಕ್ಸ್ ದುಡ್ಡೆಲ್ಲ ಎಲ್ಲಿಗೆ ಹೋಗತ್ತೆ ಮೇಡಂ?"

ಅಂಥ ಊಟಗಳಿಗೆ ಅವರ ಹೆಂಡತಿ ಬರುವುದಿಲ್ಲ. ಮೊನ್ನೆ ಒಬ್ಬರೇ ಮೈಸೂರಿನ ತಂಗಿಯ ಮನೆಗೆ ಹೊರಟರು. ವಾಪಸ್ ಯಾವಾಗ ಎಂದು ಕೇಳಿದೆ. "ನೋಡೋಣ," ಎಂದರು.