ನಲಿಕಲಿ ಕೋಣೆಯ ದುಭಾಷಿ

ಆಗೆಲ್ಲ ನಮ್ಮ ಶಾಲೆಯಲ್ಲಿ ಮೂರನೇ ತರಗತಿಯವರೆಗೂ ಒಂದೇ ನಲಿಕಲಿ ಕೋಣೆ. ಒಂದು ಕಡೆಯಿಂದ ಬಿಸಿಯೂಟದ ಸಾಂಬಾರಿನ ಘಮ, ಇನ್ನೊಂದು ಕಡೆಯಿಂದ ಒಣಮೀನಿನ ವಾಸನೆ. ಹೊನ್ನಾವರದ ಕಡಲ ಬದಿಯ ನಮಗೆ ಎರಡಕ್ಕೂ ಬಾಯಲ್ಲಿ ನೀರೂರುತ್ತಿತ್ತು.

ಟೀಚರ್ ಗದಗದ ಕಡೆಯವರು, ಕೊಂಕಣಿ ಬಾರದು. ಆ ಮಳೆಗಾಲದಲ್ಲಿ ಒಂದನೇ ತರಗತಿಗೆ ಸೇರಿದ ನಮ್ಮ ಪಕ್ಕದ ಮನೆಯ ಸುಮಿತ್ರಾಗೆ ಕೊಂಕಣಿ ಬಿಟ್ಟು ಬೇರೇನೂ ಬಾರದು. ಎರಡನ್ನೂ ಬಲ್ಲ ನಾನು, ಎರಡನೇ ತರಗತಿಯವಳು, ದುಭಾಷಿಯಾದೆ. ಟೀಚರ್ ಪಕ್ಕದ ಚಾಪೆ ನನ್ನದಾಯಿತು. ಜಂಬಕ್ಕೆ ನೆಲ ಕಾಣುತ್ತಿರಲಿಲ್ಲ.

ಆದರೆ ಸುಮಿತ್ರಾ ಬಹಳ ಚುರುಕು. ಇವಳೇ ಕನ್ನಡ ಕಲಿತುಬಿಟ್ಟರೆ ನನ್ನನ್ನು ಕೇಳುವವರು ಯಾರು? ಒಂದು ದಿನ ಟೀಚರ್ ಚಿತ್ರದ ಕಾರ್ಡು ತೋರಿಸಿ ಕಥೆ ಹೇಳಲು ಹೇಳಿದರು. ಏಡಿ ಬಲೆಗೆ ಬಿದ್ದದ್ದು, ಹುಡುಗಿ ಬಿಡಿಸಿದ್ದು, ಏಡಿ ಅವಳ ಬೆರಳನ್ನೇ ಕಚ್ಚಿದ್ದು, ಎಲ್ಲವನ್ನೂ ಸುಮಿತ್ರಾ ಕೈ ಬೀಸಿ ಬೀಸಿ ಹೇಳಿದಳು.

"ಏನಂತಾಳ?"

"ಗೊತ್ತಿಲ್ಲಂತೆ ಟೀಚರ್."

"ಇಷ್ಟ್ ಮಾತಾಡಿದ್ಲಲ್ಲ?"

"ಬರೀ ಎಂತೆಂತದೋ, ಟೀಚರ್."

ಗೋಡೆಯ ಕಲಿಕಾ ಏಣಿಯಲ್ಲಿ ಅವಳು ಅದೇ ಮೆಟ್ಟಿಲಲ್ಲಿ ಉಳಿದಳು. ವಾರಗಟ್ಟಲೆ. ನಾನು ನಾಚಿಕೆಯಿಲ್ಲದೆ ಚಾಪೆಯ ಮೇಲೆ ಕೂತೇ ಇದ್ದೆ.

ಟೀಚರ್ ಮಾತ್ರ ಸುಮ್ಮನಿರಲಿಲ್ಲ. ದಿನಾ ಅಡುಗೆಯವರ ಜೊತೆ ಅಕ್ಕಿ ಆರಿಸುತ್ತ ಕೊಂಕಣಿ ಕಲಿತರಂತೆ. ಚೌತಿ ರಜೆ ಮುಗಿದ ಮೇಲೆ ಅದೇ ಕಾರ್ಡು ಹಿಡಿದು, "ಹೆಂ ಕಿತೆಂ?" ಎಂದು ಕೊಂಕಣಿಯಲ್ಲೇ ಇದೇನೆಂದು ಕೇಳಿದರು. ಆ ಗದಗದ ರಾಗಕ್ಕೆ ಇಡೀ ಕೋಣೆ ನಕ್ಕಿತು. ಸುಮಿತ್ರಾ ನಗಲಿಲ್ಲ. ಏಡಿಯ ಕಥೆಯನ್ನು ಮೊದಲಿಂದ ಹೇಳಿದಳು. ಟೀಚರ್ ತಲೆದೂಗುತ್ತ ಕೇಳಿ ನನ್ನ ಕಡೆ ತಿರುಗಿದರು.

"ಈ ಕಥಿ ಆಕಿಗೆ ಯಾವಾಗಿಂದ ಗೊತ್ತೈತಿ? ನೀನಽ ಕೇಳವ್ವ."

ಕೊಂಕಣಿಯಲ್ಲಿ ಕೇಳಿದೆ. ಸುಮಿತ್ರಾ ನನ್ನನ್ನೇ ನೋಡಿದಳು.

"ಕಾಲ್ ಶಿಕ್ಲಿಂ."

"ನಿನ್ನೆ ಕಲಿತದ್ದಂತೆ, ಟೀಚರ್."

ಅದನ್ನು ಸರಿಯಾಗಿಯೇ ಹೇಳಿದ್ದೆ; ಈ ಸಲ ಸುಳ್ಳು ಹೇಳಿದ್ದು ಅವಳು, ನನಗಾಗಿ. ಅವತ್ತಿನಿಂದ ಕಾರ್ಡಿನ ಕಥೆಗಳು ಎರಡೂ ಭಾಷೆಯಲ್ಲಿ ನಡೆದವು. ಟೀಚರ್ ಪಕ್ಕದ ಚಾಪೆಗೆ ಎಲ್ಲರ ಸರದಿ ಬಂತು.

ಈಗ ಆ ಕೋಣೆಗೆ ಬೀಗ. ನನ್ನ ಮಗಳ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಮೊನ್ನೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಸುಮಿತ್ರಾ ಸಿಕ್ಕಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳ ಭಾಷೆಯಲ್ಲೇ ಹೇಳಬೇಕೆಂದು ಬಾಯಿ ತೆರೆದೆ. ಆಡದೆ ಮರೆತುಹೋದ ಕೊಂಕಣಿ; ಎರಡು ಶಬ್ದ ಬಂತು, ಮೂರನೆಯದು ಬರಲಿಲ್ಲ.

ಅವಳು ನಕ್ಕು ನನ್ನ ಕೈ ಹಿಡಿದಳು. "ಇರ್ಲಿ ಮಾರಾಯ್ತಿ, ಕನ್ನಡದಲ್ಲೇ ಹೇಳು. ನಂಗೆ ಬರ್ತದೆ."