ಇತರರಲ್ಲಿ ಒಬ್ಬಳು

ಬೀದಿಯವರು ದಾರದಕ್ಕನ ಬಗ್ಗೆ ಎರಡು ಮಾತು ಆಡುತ್ತಿದ್ದರು. ಅವಳ ಹತ್ತಿರ ಗುಟ್ಟು ಹೇಳಿದರೆ ಹೊಲಿದು ರಟ್ಟು ಹಾಕಿ ಇಟ್ಟುಬಿಡುತ್ತಾಳೆ ಎನ್ನುವುದು ಒಂದು. ಪಾಪ, ಅಷ್ಟೊಂದು ಕಾಗದ ಹೊಲಿಯುತ್ತಾಳೆ, ಓದೋಕೆ ಮಾತ್ರ ಬರಲ್ಲ ಎನ್ನುವುದು ಇನ್ನೊಂದು. ಎರಡನೆಯದು ಶುದ್ಧ ಸುಳ್ಳು. ಅವಳಿಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಓದುತ್ತಿರಲಿಲ್ಲ, ಅಷ್ಟೇ.

ಅವಳ ಕಸುಬು ಕೋರ್ಟಿನ ಕಾಗದ ಹೊಲಿಯುವುದು. ವಕೀಲರ ಕಚೇರಿಗಳಿಂದ ಅರ್ಜಿ, ನಕಲು, ನಕ್ಷೆ ಎಲ್ಲ ಬಿಡಿಬಿಡಿಯಾಗಿ ಬರುತ್ತಿದ್ದವು. ಅವನ್ನು ಜೋಡಿಸಿ, ಮೂಲೆಯಲ್ಲಿ ಪುಟದ ಸಂಖ್ಯೆ ಒತ್ತಿ, ದಬ್ಬಳದಿಂದ ತೂತು ಕೊರೆದು, ದಾರ ಎಳೆದು ಕಟ್ಟಿಕೊಡುತ್ತಿದ್ದಳು. ಮಾವ ಕಲಿಸಿದ ಕೆಲಸ. ಜೊತೆಗೆ ಅವರು ಕಲಿಸಿದ ಪಾಠವೂ ಒಂದಿತ್ತು: ಕಣ್ಣು ಸಂಖ್ಯೆಯ ಮೇಲಿರಲಿ, ಅಕ್ಷರದ ಮೇಲೆ ಬೇಡ. ಮಾವ ಹೋದರು, ಆಮೇಲೆ ಗಂಡನೂ ಹೋದ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಹಿಂದಿನ ಕೋಣೆಯಲ್ಲಿ ಮಂಚ ಹಿಡಿದ ಅತ್ತೆ, ನಡುವೆ ಇವಳು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಬೀದಿಯಲ್ಲಿ ಸಾಲಾಗಿ ಹದಿನೇಳು ಮನೆ. ಕೊನೆಯದು ದಾರದಕ್ಕನದು, ಅದರ ಪಕ್ಕದ ಗೋಡೆಯಾಚೆ ಬಿಸ್ಕತ್ತು ಕಾರ್ಖಾನೆ. ಒಂದು ದಿನ ಬೆಳಗ್ಗೆ ಬಾಗಿಲು ತೆಗೆದರೆ ಹದಿನೇಳು ಮನೆಗಳ ಗೋಡೆಗೂ ಕಾರ್ಖಾನೆಯ ಗೇಟಿಗೂ ನೋಟಿಸು ಅಂಟಿತ್ತು. ರಸ್ತೆ ಅಗಲ ಮಾಡುತ್ತೇವೆ, ಮೂವತ್ತು ದಿನದಲ್ಲಿ ಖಾಲಿ ಮಾಡಿ ಎಂದು.

ಅತ್ತೆಗೆ ಓದಿ ಹೇಳಿದಳು. ಅತ್ತೆ ಮಂಚದಿಂದಲೇ ಕೂಗಾಡಿದರು.

"ಮನೆ ಬೀಳಿಸೋರು ಮನೇಲಿರೋರ ಮುಖ ನೋಡಿ ಒಂದು ಮಾತು ಕೇಳಬಾರದೇನೇ? ಗೋಡೆಗೆ ಹೇಳಿ ಹೋದ್ರೆ ಮುಗೀತಾ?"

ದಾರದಕ್ಕನಿಗೂ ನಾಟಿದ್ದು ಅದೇ. ಮನೆ ಹೋಗುವ ಸಂಕಟ ಒಂದು ಕಡೆಯಾದರೆ, ಯಾರೂ ಏನೂ ಕೇಳದೆ ಹೋಗುವುದು ಇನ್ನೊಂದು ಕಡೆ. ಹತ್ತಾರು ಸಾವಿರ ಅರ್ಜಿ ಹೊಲಿದವಳು ಮೊದಲ ಸಲ ತನ್ನದೇ ಒಂದು ಅರ್ಜಿ ಹೊಲಿದಳು. ಅವಳ ಗಿರಾಕಿಯೇ ಆಗಿದ್ದ ಒಬ್ಬ ವಕೀಲೆ ಅದನ್ನು ಬರೆದುಕೊಟ್ಟಳು. ಮಿಕ್ಕ ಹದಿನಾರು ಮನೆಯವರೂ ಸಹಿ ಹಾಕಿದರು. ಅದೇ ವಾರ ಬಿಸ್ಕತ್ತು ಕಂಪನಿಯೂ ದೊಡ್ಡ ವಕೀಲರನ್ನು ಹಿಡಿದು ಹೈಕೋರ್ಟಿಗೆ ಹೋಗಿತ್ತು. ಕೋರ್ಟು ಎರಡನ್ನೂ ಸೇರಿಸಿ, ಸದ್ಯಕ್ಕೆ ಯಾವ ಗೋಡೆಯನ್ನೂ ಮುಟ್ಟಬೇಡಿ ಎಂದು ತಡೆ ಕೊಟ್ಟಿತು. ಮೂಲ ಕಡತ ತಂದು ತೋರಿಸಿ ಎಂದು ಸರ್ಕಾರಕ್ಕೆ ಹೇಳಿತು. ಅಂದಿನಿಂದ ಕೇಸಿನ ಹೆಸರು 'ಬಿಸ್ಕತ್ತು ಕಂಪನಿ ಮತ್ತು ಇತರರು'. ದಾರದಕ್ಕ ಆ ಇತರರೊಳಗೆ ಎಲ್ಲೋ ಹುದುಗಿಹೋದಳು.

ಎಡವಟ್ಟಾಗಿದ್ದು ಅಲ್ಲೇ. ಸರ್ಕಾರಿ ವಕೀಲರ ಗುಮಾಸ್ತ ಹದಿನೈದು ವರ್ಷದಿಂದ ಬರುತ್ತಿದ್ದವನು. ಒಂದು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಬಂದು ದಪ್ಪನೆಯ ಕಡತವೊಂದನ್ನು ಮೇಜಿನ ಮೇಲೆ ಧೊಪ್ಪೆಂದು ಹಾಕಿದ.

"ದಾರದಕ್ಕ, ನಾಳಿದ್ದು ಜಡ್ಜ್ ಮುಂದೆ ಇಡಬೇಕು. ಹಾಳೆಯೆಲ್ಲ ಕಿತ್ಕೊಂಡು ಬರ್ತಿದೆ. ಸ್ವಲ್ಪ ಗಟ್ಟಿಯಾಗಿ ಹೊಲಿದುಬಿಡಿ."

ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದ. ಅವಳು ಎಂದಿನಂತೆ ಅಂಚು ತಟ್ಟಿ ಹಾಳೆ ಎಣಿಸತೊಡಗಿದಳು. ನಗರಸಭೆಯ ಹಳೆಯ ಕಾಗದಗಳ ಎಡಮೂಲೆಯಲ್ಲಿ ಒಂದು ತೂತು ಇರುತ್ತಿತ್ತು. ಹಿಂದೆ ಅಲ್ಲಿ ದಾರ ಪೋಣಿಸಿ ಕಟ್ಟುತ್ತಿದ್ದರು. ಎರಡು ವರ್ಷದ ಹಿಂದೆ ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ಎಲ್ಲ ಕಡತಗಳನ್ನೂ ಬಿಚ್ಚಿ, ಅಂಚಿನಲ್ಲಿ ಎರಡು ತೂತು ಹೊಡೆದು ಕ್ಲಿಪ್ಪಿಗೆ ಹಾಕಿದ್ದರು. ಹಾಗಾಗಿ ಹಳೆಯ ಹಾಳೆಗೆ ಮೂರು ತೂತು, ಹೊಸದಕ್ಕೆ ಎರಡು. ಬೆರಳು ಸವರಿಕೊಂಡು ಹೋದ ಹಾಗೆ ಮೂರು, ಮೂರು, ಮೂರು ಎಂದು ಸಿಗುತ್ತಿತ್ತು. ನಡುವೆ ಒಂದು ಹಾಳೆಗೆ ಎರಡೇ. ತಾರೀಕು ನೋಡಿದರೆ ಮೂರು ವರ್ಷ ಹಿಂದಿನದು.

ಆಗ ಮಾವನ ಪಾಠ ಮುರಿದು ಓದಿದಳು. ತನ್ನ ಬೀದಿಯ ಹೆಸರೇ ಇತ್ತು. 'ನಿವಾಸಿಗಳನ್ನು ಕರೆದು ವಿಚಾರಿಸಲಾಗಿದೆ. ಯಾರಿಂದಲೂ ಆಕ್ಷೇಪಣೆ ಇಲ್ಲ.'

ಗುಮಾಸ್ತ ತಿರುಗಿ ಬಂದಾಗ ದಬ್ಬಳ ಇನ್ನೂ ಡಬ್ಬಿಯಲ್ಲೇ ಇತ್ತು.

"ಏನಕ್ಕ, ಶುರುನೇ ಮಾಡಿಲ್ಲ?"

"ಅಣ್ಣ, ಈ ಇತರರು ಅಂತ ಬರೆದಿದೆಯಲ್ಲ, ಅದರಲ್ಲಿ ನಾನೂ ಒಬ್ಬಳು."

ಗುಮಾಸ್ತ ಸ್ಟೂಲಿನ ಮೇಲೆ ಕುಸಿದು ಕುಳಿತ. "ಅಯ್ಯೋ, ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!"

"ನಾನೆಲ್ಲಿ ಹೊಡೆದೆ? ನೀವೇ ಹೊಟ್ಟೆ ಎತ್ಕೊಂಡು ಬಂದ್ರಿ. ಈ ಒಂದು ಹಾಳೆ ಆಮೇಲೆ ಸೇರಿಸಿದ ಸುಳ್ಳು. ಏಳಿ, ನಿಮ್ಮ ಸಾಹೇಬ್ರ ಹತ್ರ ಹೋಗೋಣ."

ಹೊರಡುವಾಗ ಒಳಗಿನಿಂದ ಅತ್ತೆ ಕರೆದರು. ಅವರ ಕಾಲು ಮಾತ್ರ ಸೋತಿತ್ತು, ಕಿವಿ ಚುರುಕಾಗಿಯೇ ಇತ್ತು.

"ಆ ಹಾಳೆ ಕಿತ್ತು ಒಲೆಗೆ ಹಾಕೋದಲ್ವೇನೇ ಪೆದ್ದಿ?"

"ಕಿತ್ರೆ ಅವರ ಸುಳ್ಳು ನನ್ನದಾಗುತ್ತೆ ಅತ್ತೆ."

ಸರ್ಕಾರಿ ವಕೀಲರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದಿನ ಹಾಳೆ, ಮುಂದಿನ ಹಾಳೆ, ಮತ್ತೆ ಅದೇ ಹಾಳೆ. ಮೂರು ಸಲ ನೋಡಿದ ಮೇಲೆ ಕೇಳಿದರು.

"ಇದನ್ನ ನಿಮ್ಮ ವಕೀಲರಿಗೆ ಹೇಳಿದ್ರಾ?"

"ಇಲ್ಲ ಸಾರ್. ನಿಮ್ಮ ಕಡತ, ನಂಬಿ ಕಳಿಸಿದ್ರಿ. ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು. ಆದ್ರೆ ನಾನು ಹೊಲಿಯಲ್ಲ. ಹೊಲಿದ್ರೆ ಆ ಮೂಲೆಗೆ ನಾನೇ ತೂತು ಕೊರೆದ ಹಾಗೆ."

ಅವರು ಹಾಳೆಯನ್ನು ಅದು ಇದ್ದ ಜಾಗಕ್ಕೇ ಸೇರಿಸಿಟ್ಟರು. ಆಮೇಲೆ ಗುಮಾಸ್ತನ ಕಡೆ ತಿರುಗಿ, "ಬಿಡಿಯಾಗೇ ಇರಲಿ. ಹಾಗೇ ತಗೊಂಡು ಹೋಗೋಣ," ಎಂದರು.

ಎರಡು ದಿನದ ಮೇಲೆ ಕೋರ್ಟಿನಲ್ಲಿ ಅವರೇ ಎದ್ದು ನಿಂತು, ಈ ಹಾಳೆಯ ಮೇಲೆ ಸರ್ಕಾರ ಭರವಸೆ ಇಡಲಾರದು ಎಂದು ಒಪ್ಪಿಕೊಂಡರು. ಯಾಕೆಂದು ಜಡ್ಜ್ ಕೇಳಿದಾಗ ಕಡತವನ್ನೇ ಮೇಲಕ್ಕೆ ಕೊಟ್ಟು ತೂತು ತೋರಿಸಿದರು. ಹತ್ತು ನಿಮಿಷದ ಮಾತು. ಆದೇಶ ರದ್ದಾಯಿತು. ಎಲ್ಲರನ್ನೂ ಕರೆದು, ಕೇಳಿ, ಕಾರಣ ಬರೆದು, ಮೂರು ತಿಂಗಳಲ್ಲಿ ಹೊಸದಾಗಿ ತೀರ್ಮಾನಿಸಿ ಎಂದರು ಜಡ್ಜ್.

ಗೆದ್ದ ಸುದ್ದಿ ಹಬ್ಬಿದ ಹಾಗೆ ಕೆಲಸ ಕಡಿಮೆಯಾಯಿತು. ಓದದೆ ಹೊಲಿಯುವವಳು ಎಂದು ನಂಬಿದ್ದ ಕೆಲವು ವಕೀಲರು, ಈಯಮ್ಮ ತೂತು ಕೂಡ ಎಣಿಸ್ತಾಳೆ ಎಂದು ಬೇರೆ ಕಡೆ ಹೋದರು. ಗುಮಾಸ್ತ ಮಾತ್ರ ತಪ್ಪದೆ ಬರುತ್ತಿದ್ದ. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಇದರಲ್ಲಿ ನೀವು ಇಲ್ವಲ್ಲಕ್ಕ?" ಎಂದು ಕೇಳಿಯೇ ಕಡತ ಕೆಳಗಿಡುತ್ತಿದ್ದ.

ಅಷ್ಟರಲ್ಲಿ ಕಂಪನಿಗೆ ಊರಾಚೆ ದೊಡ್ಡ ಜಾಗ ಸಿಕ್ಕಿತು. ಮ್ಯಾನೇಜರು ತಾನಾಗಿ ಬಂದು ಹೇಳಿದ: "ನಾವು ಹೊರಟ್ವಿ ಅಮ್ಮ. ಕಾರ್ಖಾನೆ ಜಾಗ ರಸ್ತೆಗೆ ಬಿಟ್ಟುಕೊಟ್ಟಿದ್ದೀವಿ. ನಿಮ್ಮನ್ನ ನಡುನೀರಲ್ಲಿ ಬಿಟ್ಟ ಹಾಗಾಯ್ತು."

"ಬಿಡಿ ಸ್ವಾಮಿ. ಈಗಲಾದ್ರೂ ನಮ್ಮ ಹೆಸರು ಮೊದಲು ಬರುತ್ತೆ."

ವಿಚಾರಣೆ ನಗರಸಭೆಯ ಮೇಲಿನ ಕೋಣೆಯಲ್ಲಿ. ಹದಿನೇಳು ಮನೆಯವರಿಗೆ ಹನ್ನೊಂದು ಕುರ್ಚಿ. ಆಯುಕ್ತರು ಒಬ್ಬೊಬ್ಬರನ್ನೇ ಕೇಳಿದರು, ಪಕ್ಕದಲ್ಲಿ ಒಬ್ಬಾಕೆ ಬರೆದುಕೊಂಡಳು. ಮೂರನೆಯ ಮನೆಯ ಕನ್ನಡಕದಂಗಡಿಯವ ಅತ್ತೇಬಿಟ್ಟ. ಎಲ್ಲರದೂ ಮುಗಿದ ಮೇಲೆ ಎಂಜಿನಿಯರು ಹೊಸ ನಕ್ಷೆ ಬಿಡಿಸಿಟ್ಟ. ಕಾರ್ಖಾನೆಯ ಜಾಗ ಸಿಕ್ಕಿದ್ದರಿಂದ ರಸ್ತೆಯನ್ನು ಆಚೆಗೆ ಸರಿಸಬಹುದಿತ್ತು. ಹದಿನಾರು ಮನೆಗೆ ಜಗಲಿ ಮಾತ್ರ ಹೋಗುತ್ತದೆ, ಗೋಡೆ ಉಳಿಯುತ್ತದೆ. ರಸ್ತೆ ತಿರುಗುವ ಮೂಲೆಯಲ್ಲಿರುವ ಕೊನೆಯ ಮನೆ ಮಾತ್ರ ಪೂರ್ತಿ ಹೋಗುತ್ತದೆ.

ನೆರೆಹೊರೆಯವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು.

"ನೀವೇನು ಹೇಳ್ತೀರಮ್ಮ?" ಆಯುಕ್ತರು ಕೇಳಿದರು.

ದಾರದಕ್ಕ ಎದ್ದು ಹೋಗಿ ಮೇಜಿನ ಮೇಲಿದ್ದ ಅಳತೆಕಡ್ಡಿ ಕೈಗೆತ್ತಿಕೊಂಡಳು.

"ಈ ತಿರುವು ಸ್ವಲ್ಪ ಬಿಗಿ ಮಾಡಿದ್ರೆ?"

"ಬಸ್ಸು ತಿರುಗಲ್ಲ ಅಮ್ಮ. ನೋಡಿ, ಇಷ್ಟು ಬೇಕು."

ಅವಳೂ ಅಳೆದಳು. ಎರಡು ಕಡೆಯಿಂದ ಅಳೆದಳು. ಅವನು ಹೇಳಿದ್ದು ಸರಿಯಾಗಿತ್ತು.

"ನನಗೆ ಒಪ್ಪಿಗೆ ಇಲ್ಲ ಅಂತ ಬರ್ಕೊಳ್ಳಿ," ಎಂದಳು. "ಕಾರಣ ಗೊತ್ತಾಯ್ತು ಅಂತಾನೂ ಬರ್ಕೊಳ್ಳಿ. ನಮ್ಮತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ. ಬೇರೆ ಮನೆ ಕೊಡೋದಾದ್ರೆ ನೆಲದ ಮೇಲಿರ್ಬೇಕು, ಕೋರ್ಟಿಗೆ ನಡೆದು ಹೋಗೋ ಹಾಗಿರ್ಬೇಕು. ಇದು ಬಿಟ್ಟು ಹೋಗ್ಬಾರ್ದು."

ಬರೆಯುತ್ತಿದ್ದಾಕೆ ಮೂರನ್ನೂ ಓದಿ ಹೇಳಿದಳು.

ಆದೇಶ ಬಂತು. ಒಂಬತ್ತು ಪುಟ. ಅವಳು ಹೇಳಿದ್ದೆಲ್ಲ ಅದರಲ್ಲಿತ್ತು, ಪ್ರತಿಯೊಂದರ ಕೆಳಗೆ ಉತ್ತರವಿತ್ತು. ಮನೆ ಹೋಗುತ್ತದೆ, ಕೋರ್ಟಿನ ಹಿಂದಿನ ಬೀದಿಯಲ್ಲಿ ನೆಲಮಟ್ಟದ ಎರಡು ಕೋಣೆ ಕೊಡಲಾಗುತ್ತದೆ. ವಕೀಲೆ ಓದಿ ಮೇಜು ಕುಟ್ಟಿದಳು.

"ಮತ್ತೆ ಹೋಗೋಣ ಅಕ್ಕ. ಒಂದೇ ವಾರದಲ್ಲಿ ತಡೆ ತರ್ತೀನಿ."

"ತಂದ್ರೆ ಆ ಹದಿನಾರು ಮನೆ?"

"ಅವರ ತೀರ್ಮಾನನೂ ನಿಲ್ಲುತ್ತೆ. ಕೇಸು ಮುಗಿಯೋವರೆಗೂ ಎಲ್ಲ ನಿಲ್ಲುತ್ತೆ."

"ಒಂದು ದಿನ ಕೊಡು," ಎಂದು ದಾರದಕ್ಕ ಮನೆಗೆ ಬಂದಳು.

"ಏನಂದ್ರೇ?" ಅತ್ತೆ ಕೇಳಿದರು.

"ಈ ಸಲ ಕೇಳಿದ್ರು ಅತ್ತೆ. ಬರ್ಕೊಂಡ್ರು. ಉತ್ತರನೂ ಕೊಟ್ಟಿದ್ದಾರೆ."

"ಮನೆ ಬಿಟ್ರಾ?"

"ಇಲ್ಲ."

ಅತ್ತೆ ಗೋಡೆ ನೋಡುತ್ತ ಮಲಗಿದ್ದರು. ಆ ಮನೆಗೆ ಬಂದಾಗ ಅವರಿಗೆ ಹದಿನೆಂಟು.

"ಕೊಡ್ತಾರಲ್ಲ, ಆ ಮನೇಲಿ ಗಾಳಿ ಬರುತ್ತಾ?" ಎಂದರು ಕೊನೆಗೆ.

"ನೋಡ್ಕೊಂಡು ಬಂದೆ. ಕಿಟಕಿ ಈ ಮನೇದಕ್ಕಿಂತ ದೊಡ್ಡದು."

"ಹಾಗಾದ್ರೆ ಮಂಚ ಕಿಟಕಿ ಹತ್ರ ಹಾಕಿಸು."

ಮರುದಿನ ವಕೀಲೆಗೆ ಬೇಡವೆಂದು ಹೇಳಿ ಬಂದಳು.

ಸಾಗಿಸಲು ನಾಲ್ಕು ದಿನ ಹಿಡಿಯಿತು. ಒತ್ತುಯಂತ್ರ ಎತ್ತಲು ಆರು ಜನ ಬೇಕಾದರು; ಕನ್ನಡಕದಂಗಡಿಯವ ಕರೆಯದೆ ಬಂದು ಭಾರದ ಕಡೆಯೇ ಕೈ ಕೊಟ್ಟ. ಐದನೆಯ ದಿನ ಬೆಳಗ್ಗೆ ಅತ್ತೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ ದಾರದಕ್ಕ ಒಮ್ಮೆ ಒಳಗೆ ಹೋಗಿ ಬಂದಳು. ನಲ್ಲಿ ತಿರುಗಿಸಿ ನಿಲ್ಲಿಸಿದಳು. ಮೀಟರಿನ ಗುಂಡಿ ಆರಿಸಿದಳು. ಬಾಗಿಲಲ್ಲಿ ಎಂಜಿನಿಯರು ಮನೆ ವಶಕ್ಕೆ ಪಡೆದ ಕಾಗದ ಹಿಡಿದು ನಿಂತಿದ್ದ. ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಅವನು ಕಾದ. ತಾರೀಕು ಸರಿಯಿತ್ತು. ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು.

"ಬೀಗ ಹಾಕ್ತೀರಾ ಅಮ್ಮ?" ಎಂದು ಕೇಳಿದ.

"ಬೇಡಪ್ಪ, ನಿಮ್ಮೋರು ಹತ್ತು ಗಂಟೆಗೆ ಬರ್ತಾರಲ್ಲ," ಎಂದು ಜಗಲಿ ಇಳಿದಳು. ವ್ಯಾನಿನಿಂದ ಅತ್ತೆ, "ಬಾರೇ ಬೇಗ, ಬಿಸಿಲು ಮುಖಕ್ಕೇ ಹೊಡೀತಿದೆ," ಎಂದು ಕೂಗುತ್ತಿದ್ದರು.